ಸಕ್ಕರೆ ಕಾಯಿಲೆ ಇದೆ, ಆದರೆ ಕಣ್ಣು ಚೆನ್ನಾಗಿಯೇ ಕಾಣುತ್ತಿದೆ. ಕಣ್ಣಿನ ಪರೀಕ್ಷೆ ಬೇಕೇ? ಯಾವಾಗ?

ಬೇಕು. ರೆಟಿನಾದ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ) ಸಣ್ಣ ರಕ್ತನಾಳಗಳು ಸೋರತೊಡಗಿದ್ದರೂ ಅದರ ನಡುಭಾಗ ಊದಿಕೊಳ್ಳುವವರೆಗೆ ದೃಷ್ಟಿ ಮಂಜಾಗದೇ ಇರಬಹುದು, ನೋವಂತೂ ಇರುವುದಿಲ್ಲ. ಟೈಪ್ 2 (ಸಾಮಾನ್ಯವಾಗಿ ಕಾಣುವ ಬಗೆ) ಆದರೆ ಕಾಯಿಲೆ ಪತ್ತೆಯಾದ ಕೂಡಲೇ (ಅದು ವರ್ಷಗಳಿಂದ ಗೊತ್ತಾಗದೆ ಇದ್ದಿರಬಹುದು), ಟೈಪ್ 1 (ದೇಹದಲ್ಲಿ ಇನ್ಸುಲಿನ್ ಬಹುತೇಕ ತಯಾರಾಗದ ಬಗೆ) ಆದರೆ 5 ವರ್ಷದೊಳಗೆ ಮೊದಲ ಪರೀಕ್ಷೆ. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಮೊದಲೇ ಸಕ್ಕರೆ ಕಾಯಿಲೆ ಇದ್ದವರು ಗರ್ಭಿಣಿಯಾದರೆ ಮೊದಲ 3 ತಿಂಗಳಲ್ಲೇ.

ಕನ್ನಡಕದ ಅಂಗಡಿಯಲ್ಲಿ ನಂಬರ್ ನೋಡಿಸಿದ್ದು ಲೆಕ್ಕಕ್ಕಿಲ್ಲ. ಡ್ರಾಪ್ಸ್ ಹಾಕಿ ಪಾಪೆ ಅಗಲಿಸಿ ರೆಟಿನಾ ನೋಡಬೇಕು. ಅದಕ್ಕೆ 20–30 ನಿಮಿಷ ಕಾಯಬೇಕು, ನಂತರ ಕೆಲವು ಗಂಟೆ ಮಂಜು. ಬೈಕ್ ಮನೆಯಲ್ಲೇ ಬಿಟ್ಟು ಹೋಗಿ. ಅಂದಹಾಗೆ, ಸಕ್ಕರೆ ತೀರಾ ಏರುಪೇರಾಗಿರುವಾಗ ಹೊಸ ಕನ್ನಡಕ ಮಾಡಿಸಬೇಡಿ, ನಂಬರೇ ತಾತ್ಕಾಲಿಕವಾಗಿ ಬದಲಾಗಿರುತ್ತದೆ.

ಹಠಾತ್ತನೆ ಕಪ್ಪು ಚುಕ್ಕೆಗಳು, ಮಿಂಚು ಕಂಡರೆ ಅಥವಾ ಪರದೆ ಇಳಿದಂತಾದರೆ ಅದೇ ದಿನ ಕಣ್ಣಿನ ವೈದ್ಯರ ಬಳಿ ಹೋಗಿ.