ಟೈಮಿಂಗ್ ಬೆಲ್ಟ್: ಯಾವ ಕಾರಿಗೆ ಮನೆ ಅಂಗಳ, ಯಾವುದಕ್ಕೆ ಗ್ಯಾರೇಜು?

ಪ್ರಶ್ನೆ: ನಮ್ಮ ಮನೆಯಲ್ಲಿ 2013ರ ಡಸ್ಟರ್ ಡೀಸೆಲ್ ಇದೆ, 92,000 ಕಿ.ಮೀ. ಓಡಿದೆ. ಟೈಮಿಂಗ್ ಬೆಲ್ಟ್ ಒಮ್ಮೆಯೂ ಬದಲಿಸಿಲ್ಲ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಎಲ್ಲ ನಾನೇ ಹಾಕಿಕೊಳ್ಳುತ್ತೇನೆ. ಬೆಲ್ಟನ್ನೂ ಮನೆಯಲ್ಲೇ ಬದಲಿಸಬಹುದೇ?
– ಬಟವಾಡಿ, ತುಮಕೂರು

ಉತ್ತರ: ಈ ಕಾರಿಗೆ ಬೇಡ. ಗ್ಯಾರೇಜಿಗೇ ಕೊಡಿ, ಅದೂ ಮುಂದಿನ ತಿಂಗಳು ನೋಡೋಣ ಎನ್ನದೆ ಈಗಲೇ. ಟೈಮಿಂಗ್ ಬೆಲ್ಟ್ ಎಂದರೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮತ್ತು ಕ್ಯಾಮ್ (ವಾಲ್ವ್ ತೆರೆಯುವ ದಂಡ) ಎರಡನ್ನೂ ಜೋಡಿಸುವ ಹಲ್ಲಿನ ರಬ್ಬರ್ ಬೆಲ್ಟ್. ಅದಕ್ಕೆ ಕಿಲೋಮೀಟರಿನ ಗಡುವು ಇರುವ ಹಾಗೆ ವರ್ಷದ ಗಡುವೂ ಇದೆ. ಎರಡರಲ್ಲಿ ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಕಾರು ನಿಂತಲ್ಲೇ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಇಷ್ಟು ವರ್ಷ ಹಳೆಯ ಬೆಲ್ಟಿಗೆ ಮೀಟರಿನ ಅಂಕಿ ನೋಡಿ ಸಮಾಧಾನ ಪಡಬೇಡಿ.

ಬೇಡ ಎನ್ನಲು ಕಾರಣ ನಿಮ್ಮ ಕೈಚಳಕದ ಮೇಲಿನ ಅನುಮಾನವಲ್ಲ. ಡಸ್ಟರಿನ 1.5 ಲೀಟರ್ ಕೆ9ಕೆ ಎಂಜಿನ್ನಿನಲ್ಲಿ ಬೆಲ್ಟು ಕ್ಯಾಮ್ ಜೊತೆಗೆ ಡೀಸೆಲಿನ ಹೈ ಪ್ರೆಷರ್ ಪಂಪನ್ನೂ ವಾಟರ್ ಪಂಪನ್ನೂ ತಿರುಗಿಸುತ್ತದೆ. ಬೆಲ್ಟ್ ಹೊರಗೆ ತೆಗೆಯಬೇಕಾದರೆ ಆ ಬದಿಯ ಎಂಜಿನ್ ಮೌಂಟನ್ನೇ ಬಿಚ್ಚಬೇಕು; ಅಷ್ಟು ಹೊತ್ತೂ ಎಂಜಿನ್ನಿನ ಭಾರವನ್ನು ಕೆಳಗಿನಿಂದ ಹಲಗೆ ಇಟ್ಟು ಜಾಕಿಯ ಮೇಲೆ ಹೊರಿಸಬೇಕು. ಸರಿಯಾದ ಸ್ಥಾನ ತೋರಿಸಲು ಕ್ರ್ಯಾಂಕಿಗೊಂದು, ಕ್ಯಾಮಿಗೊಂದು ಲಾಕಿಂಗ್ ಪಿನ್ ಬೇಕು. ಕ್ರ್ಯಾಂಕ್ ಬೋಲ್ಟನ್ನು ಮೊದಲು ಟಾರ್ಕ್ ವ್ರೆಂಚಿನಲ್ಲಿ (ಬಿಗಿ ಅಳೆಯುವ ಪಾನ) ಬಿಗಿದು, ಆಮೇಲೆ ಇಷ್ಟು ಡಿಗ್ರಿ ಎಂದು ಅಳೆದು ತಿರುಗಿಸಬೇಕು. ಒಮ್ಮೆ ಹಾಗೆ ಬಿಗಿದ ಬೋಲ್ಟು ಹಿಗ್ಗಿರುತ್ತದೆ, ಅದನ್ನೇ ಮತ್ತೆ ಹಾಕುವಂತಿಲ್ಲ.

ತಪ್ಪಿದರೆ ಏನಾಗುತ್ತದೆ? ಇದು ವಾಲ್ವ್ ಮತ್ತು ಪಿಸ್ಟನ್ ಒಂದೇ ಜಾಗವನ್ನು ಸರದಿಯ ಮೇಲೆ ಬಳಸುವ ಎಂಜಿನ್. ಸರದಿ ಕಾಯುವುದು ಬೆಲ್ಟು. 3,000 ಆರ್‌ಪಿಎಂನಲ್ಲಿ ಕ್ರ್ಯಾಂಕು ಸೆಕೆಂಡಿಗೆ 50 ಸುತ್ತು ಹಾಕುತ್ತದೆ, ಒಂದೊಂದು ವಾಲ್ವು ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಆ ವೇಗದಲ್ಲಿ ಬೆಲ್ಟ್ ಹರಿದರೆ ಕ್ಯಾಮ್ ನಿಲ್ಲುತ್ತದೆ, ತೆರೆದ ವಾಲ್ವು ತೆರೆದೇ ಉಳಿಯುತ್ತದೆ, ಪಿಸ್ಟನ್ ಬಂದು ಗುದ್ದುತ್ತದೆ. ವಾಲ್ವ್ ಬೆಂಡಾಗಿ ಹೆಡ್ (ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ) ಬಿಚ್ಚುವ ಕೆಲಸ. ಅದರ ಬಿಲ್ಲಿನ ಮುಂದೆ ಬೆಲ್ಟ್ ಕೂಲಿ ಏನೇನೂ ಅಲ್ಲ.

ಗ್ಯಾರೇಜಿಗೆ ಕೊಟ್ಟು ಸುಮ್ಮನಿರಿ ಎಂದೂ ಹೇಳುವುದಿಲ್ಲ. ಬರೀ ಬೆಲ್ಟ್ ಸಾಲದು. ಬೆಲ್ಟ್, ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಗಾಲಿ), ವಾಟರ್ ಪಂಪ್, ಹೊಸ ಕ್ರ್ಯಾಂಕ್ ಬೋಲ್ಟ್, ಕೂಲೆಂಟ್ ಎಲ್ಲ ಒಟ್ಟಿಗೇ ಹಾಕಿಸಿ. ಹಳೇ ಪಂಪು ಇನ್ನೊಂದು ವರ್ಷಕ್ಕೆ ಸೋರಲು ಶುರುವಾದರೆ ಇದೇ ಕೂಲಿಯನ್ನು ಪೂರ್ತಿ ಇನ್ನೊಮ್ಮೆ ಕೊಡಬೇಕಾಗುತ್ತದೆ. ಕ್ರ್ಯಾಂಕ್ ಸೀಲಿನ ಹತ್ತಿರ ಆಯಿಲ್ ಜಿನುಗಿದ್ದರೆ ಅದನ್ನೂ ಬದಲಿಸಿ; ಆಯಿಲ್ ಕುಡಿದ ಬೆಲ್ಟ್ ಉಬ್ಬಿ ಮೆತ್ತಗಾಗುತ್ತದೆ.

ಕೆಲಸ ಕೊಡುವ ಮೊದಲು ಮೆಕ್ಯಾನಿಕ್ಕಿಗೆ ಒಂದು ಮಾತು ಕೇಳಿ: "ಈ ಎಂಜಿನ್ನಿನ ಲಾಕಿಂಗ್ ಪಿನ್ ನಿಮ್ಮ ಹತ್ತಿರ ಇದೆಯಾ ಅಣ್ಣಾ?" ಇದ್ದವರು ಪೆಟ್ಟಿಗೆ ತೆಗೆದು ತೋರಿಸುತ್ತಾರೆ. "ಮಾರ್ಕರಲ್ಲಿ ಗುರುತು ಹಾಕ್ಕೊಂಡು ಮಾಡ್ತೀನಿ ಸಾರ್" ಎಂದರೆ ಬೇರೆ ಗ್ಯಾರೇಜ್ ನೋಡಿ. ಪಿನ್ ಇದ್ದರೂ ಒಂದನ್ನು ಗಮನಿಸಿ. ಅದು ಸ್ಥಾನ ತೋರಿಸಲು ಮಾತ್ರ. ಬೋಲ್ಟ್ ಸಡಿಲಿಸುವಾಗ ಕ್ರ್ಯಾಂಕ್ ತಿರುಗದಿರಲೆಂದು ಪಿನ್ನಿನ ಮೇಲೆ ಬಲ ಹಾಕಿದರೆ ಪಿನ್ನೇ ಬಾಗುತ್ತದೆ, ಸ್ಥಾನವೂ ಸುಳ್ಳಾಗುತ್ತದೆ. ಮುಗಿದ ಮೇಲೆ ಪಿನ್ ತೆಗೆದು, ಕೈಯಿಂದಲೇ ಎಂಜಿನ್ ಎರಡು ಸುತ್ತು ತಿರುಗಿಸಿ, ಪಿನ್‌ಗಳು ಮತ್ತೆ ಸಲೀಸಾಗಿ ಕೂರುವುದನ್ನು ನಿಮ್ಮ ಎದುರಿಗೇ ತೋರಿಸಲು ಹೇಳಿ.

ಪ್ರಶ್ನೆ: ನನ್ನದು ಆಲ್ಟೊ 800. ನರಸಾಪುರಕ್ಕೆ ದಿನಾ ಕೆಲಸಕ್ಕೆ ಓಡಾಡುತ್ತೇನೆ. ಸಾಕೆಟ್ ಸೆಟ್ ಇದೆ, ಎರಡು ದಿನ ರಜೆಯೂ ಇದೆ. ಬೆಲ್ಟ್ ನಾನೇ ಹಾಕಬಹುದೇ?
– ಕೋಲಾರ

ಉತ್ತರ: ಹಾಕಬಹುದು. ಇಲ್ಲಿ ಡೀಸೆಲ್ ಪಂಪಿನ ತಾಪತ್ರಯ ಇಲ್ಲ, ಗುರುತುಗಳು ಕಣ್ಣಿಗೆ ಕಾಣುತ್ತವೆ. ಸಾಕೆಟ್ ಸೆಟ್ಟಿನ ಜೊತೆ ಎರಡು ಜ್ಯಾಕ್ ಸ್ಟ್ಯಾಂಡ್, ಉದ್ದ ಹಿಡಿಯ ಬಾರ್, ಟಾರ್ಕ್ ವ್ರೆಂಚ್ ಮತ್ತು ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಯಲ್ ಬೇಕೇಬೇಕು. ಯಾವ ಬೋಲ್ಟಿಗೆ ಎಷ್ಟು ಬಿಗಿ ಎನ್ನುವುದನ್ನು ಅದರಲ್ಲೇ ನೋಡಿ, ಅಂದಾಜಿಗೆ ಹೋಗಬೇಡಿ. ಕಾರಿನ ಜೊತೆ ಬಂದ ಜಾಕಿ ಸ್ಟೆಪ್ನಿ ಹಾಕಲು ಮಾತ್ರ, ಅದನ್ನು ನಂಬಿ ಕೆಳಗೆ ಕೈ ಹಾಕಬೇಡಿ. ಮಣ್ಣಿನ ಅಂಗಳವಾದರೆ ಸ್ಟ್ಯಾಂಡ್ ಹೂತುಕೊಳ್ಳುತ್ತದೆ. ಸಿಮೆಂಟ್ ನೆಲ ಇರಲಿ.

ಬ್ಯಾಟರಿಯ ನೆಗೆಟಿವ್ ತೆಗೆದು, ಬೆಲ್ಟ್ ಬದಿಯ ಮುಂದಿನ ಚಕ್ರ ಕಳಚಿ. ಫ್ಯಾನ್ ಬೆಲ್ಟ್, ಪುಲ್ಲಿ, ಪ್ಲಾಸ್ಟಿಕ್ ಕವರ್ ಈ ಕ್ರಮದಲ್ಲಿ ಹೊರಗೆ ಬರುತ್ತವೆ. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದಿಟ್ಟರೆ ಕಂಪ್ರೆಷನ್ ಇರುವುದಿಲ್ಲ, ಎಂಜಿನ್ ಒಂದೇ ಕೈಯಲ್ಲಿ ತಿರುಗುತ್ತದೆ. ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರದ ದಿಕ್ಕಿನಲ್ಲೇ ತಿರುಗಿಸಿ, ಎಂದೂ ಹಿಂದಕ್ಕೆ ಬೇಡ. ಕ್ರ್ಯಾಂಕ್ ಗಾಲಿಯ ಚುಕ್ಕೆ ಆಯಿಲ್ ಪಂಪಿನ ಮೇಲಿನ ಬಾಣಕ್ಕೆ, ಕ್ಯಾಮ್ ಗಾಲಿಯ ಗುರುತು ಅದರ ಎದುರಿನ ಗುರುತಿಗೆ ಒಟ್ಟಿಗೇ ಸೇರಬೇಕು. ಕ್ರ್ಯಾಂಕ್ ಸೇರಿ ಕ್ಯಾಮ್ ತಲೆಕೆಳಗಾಗಿ ಕಂಡರೆ ಗಾಬರಿ ಬೇಡ, ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು; ಇನ್ನೊಂದು ಸುತ್ತು ತಿರುಗಿಸಿ.

ಈಗ ಹಳೇ ಬೆಲ್ಟ್ ತೆಗೆಯುವ ಮೊದಲೇ ಎರಡೂ ಗಾಲಿಗಳ ಎದುರಿನ ಬೆಲ್ಟ್ ಹಲ್ಲಿಗೆ ಬಿಳಿ ಪೇಂಟಿನ ಚುಕ್ಕೆ ಇಡಿ. ಹೊರಗೆ ತೆಗೆದು ಆ ಎರಡು ಚುಕ್ಕೆಗಳ ನಡುವಿನ ಹಲ್ಲು ಎಣಿಸಿ, ಹೊಸ ಬೆಲ್ಟಿನ ಮೇಲೂ ಅಷ್ಟೇ ಎಣಿಸಿ ಚುಕ್ಕೆ ಇಡಿ. ಒಟ್ಟು ಹಲ್ಲುಗಳೂ ಸಮನಾಗಿರಬೇಕು. ಐದು ನಿಮಿಷದ ಈ ಕೆಲಸ ಮುಂದಿನ ಅರ್ಧ ತಪ್ಪನ್ನು ತಪ್ಪಿಸುತ್ತದೆ. ಕ್ರ್ಯಾಂಕ್ ಗಾಲಿಗೆ 20 ಹಲ್ಲಿದೆ ಎಂದಿಟ್ಟುಕೊಳ್ಳಿ. ಒಂದೇ ಹಲ್ಲು ತಪ್ಪಿದರೂ 18 ಡಿಗ್ರಿ ವ್ಯತ್ಯಾಸ. ಗಾಡಿ ಸ್ಟಾರ್ಟ್ ಆಗಬಹುದು, ಆದರೆ ಏರಿನಲ್ಲಿ ಉಸಿರು ಕಟ್ಟಿದ ಹಾಗೆ ಎಳೆಯುತ್ತದೆ, ಐಡಲಿಂಗ್ ನಡುಗುತ್ತದೆ.

ಹೊಸ ಬೆಲ್ಟನ್ನು ಮಡಿಸಬೇಡಿ, ತಿರುಚಬೇಡಿ, ಸ್ಕ್ರೂ ಡ್ರೈವರಿನಿಂದ ಮೀಟಿ ಹತ್ತಿಸಬೇಡಿ. ಒಳಗಿರುವುದು ಗಾಜಿನ ನಾರು. ಮುರಿದರೆ ಹೊರಗೆ ಕಾಣುವುದಿಲ್ಲ, ರಸ್ತೆಯಲ್ಲಿ ಗೊತ್ತಾಗುತ್ತದೆ. ಮೊದಲು ಕ್ರ್ಯಾಂಕಿಗೆ ಹಾಕಿ, ಟೆನ್ಷನರ್ ಇಲ್ಲದ ಬದಿಯನ್ನು ಬಿಗಿಯಾಗಿ ಎಳೆದುಕೊಂಡು ಕ್ಯಾಮಿಗೆ ಏರಿಸಿ, ಸಡಿಲವೆಲ್ಲ ಟೆನ್ಷನರ್ ಬದಿಗೆ ಬರಲಿ. ಟೆನ್ಷನರ್ ಸ್ಪ್ರಿಂಗ್ ತಾನೇ ಒತ್ತಲು ಬಿಡಿ, ಬಾರ್ ಹಾಕಿ ಒತ್ತಬೇಡಿ. ಎರಡು ಸುತ್ತು ಕೈಯಿಂದ ತಿರುಗಿಸಿ, ಗುರುತು ನೋಡಿ, ಆಮೇಲೆ ಟೆನ್ಷನರ್ ಬೋಲ್ಟ್ ಬಿಗಿಯಿರಿ. ತಿರುಗಿಸುವಾಗ ಕಬ್ಬಿಣಕ್ಕೆ ಕಬ್ಬಿಣ ತಾಗಿದಂತೆ ಗಟ್ಟಿಯಾಗಿ ನಿಂತರೆ ಬಲ ಹಾಕಬೇಡಿ, ಬೆಲ್ಟ್ ತೆಗೆದು ಮತ್ತೆ ಮೊದಲಿನಿಂದ. ಪ್ಲಗ್ ಹಾಕಿ ಕೀ ತಿರುಗಿಸುವುದು ಇಷ್ಟೂ ಆದ ಮೇಲೆ.

ನಿಮ್ಮ ಕಡೆ ಕಲ್ಲು ಕ್ರಷರಿನ ಧೂಳಿದೆ. ಪ್ಲಾಸ್ಟಿಕ್ ಕವರಿನ ಕೆಳತುದಿ ಒಡೆದಿದ್ದರೆ ಹೊಸದೇ ಹಾಕಿ. ಒಳಗೆ ಸೇರಿದ ಕಲ್ಲಿನ ಪುಡಿ ಬೆಲ್ಟಿನ ಹಲ್ಲನ್ನು ಉಜ್ಜಿ ಸವೆಸುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ನೋಡುತ್ತಿದ್ದೇನೆ. ಬೆಲ್ಟೋ ಚೈನೋ ತಿಳಿಯುವುದು ಹೇಗೆ?
– ಚಿಂತಾಮಣಿ

ಉತ್ತರ: ಆಲ್ಟೊ 800, ಸ್ಯಾಂಟ್ರೊ ಝಿಂಗ್, 1.1 ಲೀಟರ್ ಐ10, ಪೋಲೊ ಡೀಸೆಲ್, ಕ್ರಿಸ್ಟಾಗೆ ಮೊದಲಿನ ಇನೋವಾ ಡೀಸೆಲ್: ಬೆಲ್ಟ್. ಆಲ್ಟೊ ಕೆ10, 1.2 ಕಪ್ಪಾ ಎಂಜಿನ್ನಿನ ಐ10, ಸ್ವಿಫ್ಟ್ 1.3 ಡೀಸೆಲ್: ಚೈನ್. ಎಂಜಿನ್ನಿನ ಪಕ್ಕದ ಕವರ್ ಕ್ಲಿಪ್ಪಿನ ಪ್ಲಾಸ್ಟಿಕ್ ಆಗಿದ್ದರೆ ಸಾಮಾನ್ಯವಾಗಿ ಬೆಲ್ಟ್, ಸುತ್ತ ಬೋಲ್ಟ್ ಹಾಕಿ ಸೀಲ್ ಮಾಡಿದ ಲೋಹದ್ದಾದರೆ ಚೈನ್. ಬೆಲ್ಟ್ ಬದಲಿಸಿದ ಬಿಲ್ ತೋರಿಸದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಿಡಿದು ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಪ್ರಶ್ನೆ: ಹೋದ ವಾರ ಗ್ಯಾರೇಜಿನಲ್ಲಿ ಟೈಮಿಂಗ್ ಬೆಲ್ಟ್ ಹಾಕಿಸಿದೆ. ಈಗ ಆಕ್ಸಿಲರೇಟರ್ ಒತ್ತಿದಷ್ಟೂ ಕುಂಯ್ ಎನ್ನುವ ಶಬ್ದ. ನಂದಿ ಬೆಟ್ಟಕ್ಕೆ ಹೋಗುವುದಿದೆ, ಹೋಗಬಹುದೇ?
– ಚಿಕ್ಕಬಳ್ಳಾಪುರ

ಉತ್ತರ: ಶಬ್ದದ ಮೂಲ ತಿಳಿಯುವವರೆಗೆ ಹೋಗಬೇಡಿ. ಎಂಜಿನ್ ಓಡುತ್ತಿರುವಾಗ ಕೈ, ಅಂಗಿ ತೋಳು ದೂರ ಇಟ್ಟುಕೊಂಡು ಹೊರಗಿನ ಫ್ಯಾನ್ ಬೆಲ್ಟಿನ ಮೇಲೆ ಸ್ಪ್ರೇ ಬಾಟಲಿಯಿಂದ ಸ್ವಲ್ಪ ನೀರು ಹೊಡೆಯಿರಿ. ಶಬ್ದ ಬದಲಾದರೆ ತೊಂದರೆ ಆ ಬೆಲ್ಟಿನದು. ಕೆಲಸಕ್ಕಾಗಿ ಅದನ್ನು ಬಿಚ್ಚಿ ಹಾಕಿರುತ್ತಾರೆ, ಬಿಗಿ ಸರಿಪಡಿಸಿದರೆ ಆಯಿತು. ಬದಲಾಗದಿದ್ದರೆ ಟೈಮಿಂಗ್ ಬೆಲ್ಟ್ ಅತಿ ಬಿಗಿಯಾಗಿರಬಹುದು. ಹಾಗಿದ್ದರೆ ಟೆನ್ಷನರ್ ಮತ್ತು ವಾಟರ್ ಪಂಪಿನ ಬೇರಿಂಗ್ ಬೇಗ ಹಾಳಾಗುತ್ತದೆ. ಪಟಪಟ ಎಂದು ಬಡಿದರೆ ಸಡಿಲ, ಅದು ಇನ್ನೂ ಅಪಾಯ, ಹಲ್ಲು ಹಾರುತ್ತದೆ. ಹಾಕಿದವರ ಹತ್ತಿರವೇ ಗಾಡಿ ಒಯ್ಯಿರಿ. ಎಂಜಿನ್ ತಣ್ಣಗಾದ ಮೇಲೆ ಕವರ್ ತೆಗೆಸಿ, ಟೆನ್ಷನರಿನ ಮುಳ್ಳು ಅದರ ಗುರುತಿನಲ್ಲೇ ಇದೆಯೇ, ಬೆಲ್ಟಿನ ಅಂಚು ಕವರಿಗೆ ಉಜ್ಜಿದ ಕಪ್ಪು ಪುಡಿ ಬಿದ್ದಿದೆಯೇ ಎಂದು ನೋಡಿ. ಹಳೇ ಟೆನ್ಷನರನ್ನೇ ಬಿಟ್ಟಿದ್ದರೆ ಅದನ್ನು ಬದಲಿಸಿಯೇ ಹೊರಡಿ.