ಕಾಯುವ ಮಕ್ಕಳಿಗೆ ಕನ್ನಡ ಏನು ಕೊಟ್ಟಿದೆ?

ಶಿವಮೊಗ್ಗದ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಅವರ ದೂರು ಇಷ್ಟು. ಮೊದಲ ಪಿಯುಸಿಯಲ್ಲಿರುವ ಮಗಳೂ ಅವಳ ಗೆಳತಿಯರೂ ಸೇರಿ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಎಡಪುಟದಲ್ಲಿ ಓದಿ ಮೆಚ್ಚಿದ ಕಾದಂಬರಿಗಳು, ಬಲಪುಟದಲ್ಲಿ ಇನ್ನು ಬರಲಿರುವ ಕಾದಂಬರಿಗಳು, ಪಕ್ಕದಲ್ಲಿ ಅವುಗಳ ತಾರೀಖು. ಎಲ್ಲವೂ ಹದಿಹರೆಯದವರಿಗೆಂದೇ ಬರೆದ ಇಂಗ್ಲಿಷ್ ಪುಸ್ತಕಗಳು. 2025ರ ಮಾರ್ಚ್‌ನಲ್ಲಿ ‘ಹಂಗರ್ ಗೇಮ್ಸ್’ ಸರಣಿಯ ಹೊಸ ಕಾದಂಬರಿ ಬರುವ ಮುನ್ನ ಮನೆಯಲ್ಲಿ ತಿಂಗಳುಗಟ್ಟಲೆ ಅದೇ ಮಾತು. ಪುಸ್ತಕ ಕೈಸೇರಿದ ರಾತ್ರಿ ಹುಡುಗಿ ಮಲಗಲೇ ಇಲ್ಲ. “ಮಕ್ಕಳು ಮಕ್ಕಳನ್ನು ಕೊಲ್ಲುವ ಕಥೆಗಾಗಿ ಇಷ್ಟು ಕಾತರವೇ? ಮನೆಯ ಕಪಾಟಿನಲ್ಲಿ ‘ಮಲೆಗಳಲ್ಲಿ ಮದುಮಗಳು’ ಇದೆ, ಮುಟ್ಟಿ ನೋಡುವುದಿಲ್ಲ. ಈ ಕಾಯಿಸುವ ಆಟವೆಲ್ಲ ವ್ಯಾಪಾರದ ತಂತ್ರ. ತಾವು ಇದರ ವಿರುದ್ಧ ಬರೆಯಬೇಕು” ಎಂದು ಪತ್ರ ಮುಗಿಯುತ್ತದೆ.

ಮಾನ್ಯರೇ,

ವಿರುದ್ಧ ಬರೆಯಲಾರೆ. ನಾನು ನಿಮ್ಮ ಮಗಳ ಪಕ್ಷ.

ವ್ಯಾಪಾರದ ಮಾತು ಸುಳ್ಳಲ್ಲ. ಮುಂಗಡ ಬುಕಿಂಗ್, ಪುಟದಂಚಿಗೆ ಬಣ್ಣ ಬಳಿದ ವಿಶೇಷ ಆವೃತ್ತಿ, ಅದೇ ಪುಸ್ತಕಕ್ಕೆ ಹೊಸ ಹೊದಿಕೆ ತೊಡಿಸಿ ಮತ್ತೊಮ್ಮೆ ಮಾರುವುದು, ಇವೆಲ್ಲ ಇವೆ. ಸಂಬಳದ ಮೇಲೆ ನಡೆಯುವ ಮನೆಗೆ ಆ ಬೆಲೆ ಹಗುರವೂ ಅಲ್ಲ. ಮಗಳು ಕನ್ನಡವನ್ನೂ ಓದಲಿ ಎಂಬ ಆಸೆ ನಿಮ್ಮಂತೆ ನನಗೂ ಇದೆ. ಇಷ್ಟನ್ನು ಒಪ್ಪಿಕೊಂಡೇ ಹೇಳುತ್ತೇನೆ: ಈ ವರ್ಷ ನನ್ನ ಮೇಜಿಗೆ ಬಂದ ಅತ್ಯಂತ ಸಂತೋಷದ ಸುದ್ದಿಯನ್ನು ನೀವು ದೂರಿನ ರೂಪದಲ್ಲಿ ಕಳುಹಿಸಿದ್ದೀರಿ. ನಮ್ಮ ಮಲೆನಾಡಿನ ಒಂದು ಊರಿನಲ್ಲಿ ಹದಿನಾರರ ಹುಡುಗಿಯರು ಪುಸ್ತಕವೊಂದಕ್ಕಾಗಿ ದಿನ ಎಣಿಸುತ್ತಿದ್ದಾರೆ. ಮೆಚ್ಚಿದ್ದನ್ನು ಇನ್ನೊಬ್ಬಳಿಗೆ ಹೇಳದೆ ಇರಲಾರದೆ ಬರೆದಿಡುತ್ತಿದ್ದಾರೆ. ಯಾವ ಮೇಷ್ಟರೂ ಹೇಳಿಕೊಟ್ಟಿಲ್ಲ, ಯಾವ ಅಂಕವೂ ಸಿಗುವುದಿಲ್ಲ.

ಇಂಥ ಪುಸ್ತಕಗಳು ಎಲ್ಲಿಂದ ಹುಟ್ಟಿದವು ಎಂಬುದನ್ನು ಸ್ವಲ್ಪ ನೋಡಿ. ನೀವು ಹೆಸರಿಸಿದ ಕುವೆಂಪು ಅವರ ಕಾದಂಬರಿ ಪ್ರಕಟವಾದ 1967ರಲ್ಲೇ ಅಮೆರಿಕದಲ್ಲಿ ‘ದಿ ಔಟ್‌ಸೈಡರ್ಸ್’ ಎಂಬ ಚಿಕ್ಕ ಕಾದಂಬರಿ ಹೊರಬಂತು. ಬರೆದವರು ಒಕ್ಲಹೋಮಾದ ಟಲ್ಸಾ ನಗರದ ಎಸ್. ಇ. ಹಿಂಟನ್. ಬರೆಯಲು ತೊಡಗಿದಾಗ ಅವರಿಗೆ ಹದಿನೈದು ವರ್ಷ, ಪುಸ್ತಕ ಅಚ್ಚಾಗಿ ಬಂದಾಗ ಹದಿನೆಂಟು. ಶಾಲೆಯಲ್ಲಿ ಬಡವರ ಮಕ್ಕಳ ಗುಂಪಿಗೂ ಉಳ್ಳವರ ಮಕ್ಕಳ ಗುಂಪಿಗೂ ನಡುವೆ ಇದ್ದ ಹಗೆಯನ್ನು ದಿನವೂ ಕಾಣುತ್ತಿದ್ದ ಹುಡುಗಿಗೆ ಆ ಬದುಕು ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಸಿಗದಿದ್ದರೆ ನಾನೇ ಬರೆಯುತ್ತೇನೆ ಎಂದು ಕುಳಿತಳು. ಅದನ್ನು ಬರೆಯುತ್ತಿದ್ದ ವರ್ಷವೇ ಶಾಲೆಯಲ್ಲಿ ಸೃಜನಶೀಲ ಬರವಣಿಗೆಯ ವಿಷಯಕ್ಕೆ ಆಕೆಗೆ ಸಿಕ್ಕಿದ್ದು ಡಿ ದರ್ಜೆ. ಗಂಡುಹುಡುಗರ ಕಥೆಯನ್ನು ಹೆಣ್ಣೊಬ್ಬಳು ಬರೆದಿದ್ದಾಳೆಂದು ವಿಮರ್ಶಕರು ಕಡೆಗಣಿಸಿಯಾರೆಂಬ ಅಳುಕಿನಿಂದ ಪ್ರಕಾಶಕರು ಪೂರ್ಣ ಹೆಸರನ್ನು ಬಿಡಿಸಿ ಮೊದಲಕ್ಷರಗಳನ್ನಷ್ಟೇ ಹಾಕಿಸಿದರು.

ಅದಕ್ಕಿಂತ ನನಗೆ ಪ್ರಿಯವಾದದ್ದು ಆ ಪುಸ್ತಕದ ಮುಂದಿನ ಕಥೆ. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಬಳಿ ಲೋನ್ ಸ್ಟಾರ್ ಎಂಬ ಸಣ್ಣ ಶಾಲೆ. ಅಲ್ಲಿಯ ಏಳು, ಎಂಟನೆಯ ತರಗತಿಯ ಮಕ್ಕಳಿಗೆ ಈ ಕಾದಂಬರಿಯೆಂದರೆ ಪ್ರಾಣ. ಇದು ಚಲನಚಿತ್ರವಾಗಬೇಕು, ನೀವೇ ಮಾಡಬೇಕು ಎಂದು ಶಾಲೆಯ ಗ್ರಂಥಪಾಲಕಿ 1980ರಲ್ಲಿ ನಿರ್ದೇಶಕ ಫ್ರಾನ್ಸಿಸ್ ಫೋರ್ಡ್ ಕಪೋಲಾ ಅವರಿಗೆ ಪತ್ರ ಬರೆದರು. ಕೆಳಗೆ ಮಕ್ಕಳ ಸಹಿಗಳು, ಜೊತೆಗೆ ಪುಸ್ತಕದ ಒಂದು ಪ್ರತಿ. ಅಷ್ಟು ದೊಡ್ಡ ನಿರ್ದೇಶಕ ಅದನ್ನು ಓದಿ, ಒಪ್ಪಿ, 1983ರಲ್ಲಿ ಚಿತ್ರವನ್ನು ತೆರೆಗೆ ತಂದರು. ಮೆಚ್ಚಿದ ಪುಸ್ತಕವನ್ನು ಹಂಚಿಕೊಳ್ಳಬೇಕೆಂಬ ಮಕ್ಕಳ ತವಕ ಎಲ್ಲಿಯವರೆಗೆ ತಲುಪಬಲ್ಲದು ನೋಡಿ. ನಿಮ್ಮ ಮನೆಯ ನೋಟ್‌ಬುಕ್ಕಿನಲ್ಲಿರುವುದೂ ಅದೇ ತವಕ.

ಇನ್ನು ಮಕ್ಕಳು ಮಕ್ಕಳನ್ನು ಕೊಲ್ಲುವ ಕಥೆಯ ಬಗ್ಗೆ. ನೀವು ಅದನ್ನು ಓದಿಲ್ಲವೆಂಬುದು ಪತ್ರದಿಂದಲೇ ತಿಳಿಯುತ್ತದೆ, ಓದಿದ್ದರೆ ಹೀಗೆ ಬರೆಯುತ್ತಿರಲಿಲ್ಲ. ‘ಹಂಗರ್ ಗೇಮ್ಸ್’ ಬರೆದ ಸುಝನ್ ಕಾಲಿನ್ಸ್ ಅವರಿಗೆ ಅದರ ಬೀಜ ಸಿಕ್ಕಿದ್ದು ಟಿವಿಯ ಎದುರು. ಒಂದು ಚಾನೆಲಿನಲ್ಲಿ ಯುವಜನರು ಪೈಪೋಟಿಗೆ ಇಳಿದ ರಿಯಾಲಿಟಿ ಷೋ, ಇನ್ನೊಂದರಲ್ಲಿ ಇರಾಕ್ ಯುದ್ಧದ ದೃಶ್ಯ. ಚಾನೆಲ್ ಬದಲಿಸುತ್ತ ಹೋದಂತೆ ಎರಡೂ ಒಂದರೊಳಗೊಂದು ಬೆರೆತವು ಎಂದು ಅವರು ಹೇಳಿದ್ದಾರೆ. ಅವರ ತಂದೆ ಅಮೆರಿಕದ ವಾಯುಪಡೆಯಲ್ಲಿದ್ದು ವಿಯೆಟ್ನಾಮ್ ಯುದ್ಧಕ್ಕೆ ಹೋಗಿ ಬಂದವರು. ಕಥೆಯ ಬೆನ್ನೆಲುಬು ಗ್ರೀಕರ ಹಳೆಯ ಪುರಾಣದ್ದು: ಅಥೆನ್ಸ್ ತನ್ನ ಮಕ್ಕಳನ್ನು ಕ್ರೀಟಿನ ಗೂಳಿಮುಖದ ರಾಕ್ಷಸನಿಗೆ ಕಪ್ಪವಾಗಿ ಕಳುಹಿಸುತ್ತಿದ್ದ ಕಥೆ. ಏಕಚಕ್ರನಗರದಲ್ಲಿ ಮನೆಗೊಬ್ಬರಂತೆ ಬಕಾಸುರನ ಬಾಯಿಗೆ ಹೋಗುತ್ತಿದ್ದ ಕಥೆಯನ್ನು ಅಜ್ಜಿಯ ತೊಡೆಯ ಮೇಲೆ ಕೇಳಿ ಬೆಳೆದ ನಾವು ಇದನ್ನು ಕಂಡು ಬೆಚ್ಚಬೇಕೆ? ಸರದಿ ಬಂದ ಆ ಬ್ರಾಹ್ಮಣನ ಮನೆಯಲ್ಲಿ ನಾನು ಹೋಗುತ್ತೇನೆ, ನಾನು ಹೋಗುತ್ತೇನೆ ಎಂದು ಎಲ್ಲರೂ ಅಳುವ ಸನ್ನಿವೇಶವಿದೆಯಲ್ಲ, ಕಾಲಿನ್ಸ್ ಅವರ ಈ ಸರಣಿಯ ಮೊದಲ ಪುಸ್ತಕದಲ್ಲಿ ಸಾವಿನ ಆಟಕ್ಕೆ ತಂಗಿಯ ಹೆಸರು ಕೂಗಿದಾಗ ಅಕ್ಕ ಮುಂದೆ ಬಂದು ನಿಲ್ಲುವುದೂ ಅದೇ ಸಂಕಟದಿಂದ. ಅಲ್ಲಿ ಕೊಲೆಯನ್ನು ಆಟವಾಗಿಸಿದವರು ದೊಡ್ಡವರು. ಅದನ್ನು ಪ್ರಶ್ನಿಸುವವರು ಮಕ್ಕಳು. ನಿಮ್ಮ ಮಗಳಿಗೆ ಇದು ಅರ್ಥವಾಗಿದೆ, ಅದಕ್ಕೇ ನಿದ್ದೆ ಬಂದಿಲ್ಲ.

‘ಮದುಮಗಳು’ ವಿಷಯದಲ್ಲಿ ಒಂದು ಮಾತು ಕೇಳಬಹುದೇ? ಅದನ್ನು ನೀವು ಕೊನೆಯ ಬಾರಿ ಓದಿದ್ದು ಯಾವಾಗ? ಅದರಲ್ಲಿ ಜೀತವಿದೆ, ಹೊಡೆತವಿದೆ, ಕಾಮವಿದೆ, ರೋಗವಿದೆ, ಸಾವಿದೆ. ಇದ್ದುದರಿಂದಲೇ ಅದು ಅಷ್ಟು ದೊಡ್ಡ ಪುಸ್ತಕ. ಮಗಳ ಪುಸ್ತಕದಲ್ಲಿ ಕ್ರೌರ್ಯ ಕಂಡು ಗಾಬರಿಯಾಗುವ ನೀವು ಕುವೆಂಪು ಅವರನ್ನು ಸುರಕ್ಷಿತರೆಂದು ತಿಳಿದು ಅವಳ ಮುಂದಿಟ್ಟರೆ ಕುವೆಂಪು ಅವರಿಗೂ ಅನ್ಯಾಯ, ಮಗಳಿಗೂ ಅನ್ಯಾಯ. ಕಪಾಟಿನಲ್ಲಿ ಇಟ್ಟು ದಿನಾ ಬೆರಳು ತೋರಿಸಿದ ಪುಸ್ತಕವನ್ನು ಯಾವ ಮಕ್ಕಳೂ ಪ್ರೀತಿಯಿಂದ ತೆರೆಯುವುದಿಲ್ಲ.

ಕಾಯುವ ವಿಷಯಕ್ಕೆ ಬರುತ್ತೇನೆ, ನಾನು ಬರೆಯಲು ಕುಳಿತದ್ದೇ ಅದಕ್ಕಾಗಿ. ಇಂಗ್ಲೆಂಡಿನ ಲೇಖಕ ಫಿಲಿಪ್ ಪುಲ್ಮನ್ ಅವರ ಕಾದಂಬರಿಗಳ ನಾಯಕಿ ಲೈರಾ ಎಂಬ ಹುಡುಗಿ ಮೊದಲು ಓದುಗರ ಮುಂದೆ ಬಂದದ್ದು 1995ರಲ್ಲಿ. ಅವಳ ಕಥೆಯ ಕೊನೆಯ ಸಂಪುಟ ಬಂದದ್ದು 2025ರ ಅಕ್ಟೋಬರಿನಲ್ಲಿ, ಹಿಂದಿನ ಸಂಪುಟದ ಆರು ವರ್ಷಗಳ ನಂತರ. ಹನ್ನೆರಡನೆಯ ವಯಸ್ಸಿನಲ್ಲಿ ಅವಳನ್ನು ಭೇಟಿಯಾದ ಓದುಗರಿಗೆ ಈಗ ನಲವತ್ತು ದಾಟಿದೆ, ಅವರು ಕಾಯುವುದನ್ನು ನಿಲ್ಲಿಸಿರಲಿಲ್ಲ. ಮಾರ್ಕಸ್ ಝುಸಾಕ್ ‘ದಿ ಬುಕ್ ಥೀಫ್’ ಬರೆದ ಮೇಲೆ ಮುಂದಿನ ಕಾದಂಬರಿ ಕೊಡಲು ಹದಿಮೂರು ವರ್ಷ ತೆಗೆದುಕೊಂಡರು. ಜಾನ್ ಗ್ರೀನ್ ಅವರ ‘ದಿ ಫಾಲ್ಟ್ ಇನ್ ಅವರ್ ಸ್ಟಾರ್ಸ್’ 2012ರ ಜನವರಿಯಲ್ಲಿ ಬರುವುದಿತ್ತು. ಮುಂಗಡ ಹೇಳಿಟ್ಟ ಮಕ್ಕಳಿಗೆ ಸಹಿ ಹಾಕಿದ ಪ್ರತಿಯೇ ಸಿಗಬೇಕೆಂದು ಮೊದಲ ಮುದ್ರಣದ ಒಂದೂವರೆ ಲಕ್ಷ ಪ್ರತಿಗಳಿಗೂ ಅವರು ಕೈಯಾರೆ ಸಹಿ ಮಾಡಿದರು. ಇದನ್ನು ಬರಿಯ ವ್ಯಾಪಾರ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಓದುವ ಮಕ್ಕಳ ಬಗ್ಗೆ ಗೌರವವಿಲ್ಲದ ಲೇಖಕ ಅಷ್ಟು ಕೈನೋವು ತಂದುಕೊಳ್ಳುವುದಿಲ್ಲ.

ಈ ಕಾತರ ನಮಗೇನು ಹೊಸದೇ? ನಮ್ಮ ಬಾಲ್ಯದಲ್ಲಿ ವಾರಪತ್ರಿಕೆ ಬೆಳಗಿನ ಬಸ್ಸಿನಲ್ಲಿ ಊರಿಗೆ ಬರುತ್ತಿತ್ತು. ಓಣಿಯ ನಾಲ್ಕಾರು ಮನೆಗಳಿಗೆ ಒಂದೇ ಪ್ರತಿ. ಯಾರು ಮೊದಲು, ಯಾರು ನಂತರ ಎಂಬ ಸರದಿಯನ್ನು ಯಾರೂ ಮುರಿಯುವಂತಿರಲಿಲ್ಲ, ಮೊದಲು ಓದಿದವರು ಧಾರಾವಾಹಿಯ ಕಥೆಯನ್ನು ಬಾಯಿಬಿಡುವಂತಿರಲಿಲ್ಲ. ನನ್ನ ಚಿಕ್ಕಮ್ಮ ಧಾರಾವಾಹಿಯ ಪುಟಗಳನ್ನು ವಾರವಾರ ಕತ್ತರಿಸಿಟ್ಟು, ಮುಗಿದ ಮೇಲೆ ದಬ್ಬಳದಿಂದ ಹೊಲಿದು, ಹಳೆಯ ಕ್ಯಾಲೆಂಡರಿನ ರಟ್ಟು ಹಚ್ಚಿ ಪುಸ್ತಕ ಮಾಡುತ್ತಿದ್ದರು. ಅಂಥ ಹೊಲಿದ ಪುಸ್ತಕಗಳು ಕರ್ನಾಟಕದ ಸಾವಿರಾರು ಮನೆಗಳ ಟ್ರಂಕಿನಲ್ಲಿ ಇದ್ದವು. ಪಿಯುಸಿ ಮುಟ್ಟುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳು ಜೀವಮಾನದ ಓದುಗರಾದದ್ದು ಆ ಧಾರಾವಾಹಿಗಳಿಂದ, ಪಕ್ಕದ ಮನೆಯವಳೊಂದಿಗೆ ಕಟ್ಟೆಯ ಮೇಲೆ ಕುಳಿತು ಮುಂದೇನಾದೀತು ಎಂದು ಆಡಿದ ಮಾತಿನಿಂದ. ಆಗಲೂ ಮನೆಯ ಗಂಡಸರು ಇದನ್ನು ಹಾಳು ಹವ್ಯಾಸ ಎಂದಿದ್ದರು.

ಇನ್ನೂ ಹಿಂದಕ್ಕೆ ಹೋದರೆ ಹಾವೇರಿಯ ಗಳಗನಾಥರು ಸಿಗುತ್ತಾರೆ. ತಮ್ಮ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯಲ್ಲಿ ಕಾದಂಬರಿಗಳನ್ನು ಕಂತುಕಂತಾಗಿ ಕೊಟ್ಟು ಓದುಗರನ್ನು ಮುಂದಿನ ತಿಂಗಳಿಗೆ ಕಾಯಿಸಿದರು, ಪುಸ್ತಕಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಅಮೆರಿಕದ ಬಾಲ್ಟಿಮೋರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಹದಿಹರೆಯದವರ ವಿಭಾಗವನ್ನು ಕಟ್ಟಿದ ಮಾರ್ಗರೆಟ್ ಎಡ್ವರ್ಡ್ಸ್ ಎಂಬಾಕೆಯೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಕುದುರೆಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಬಡವರ ಕೇರಿಗಳಿಗೆ ಹೋದರು. ಅವರ ಹೆಸರಿನ ಪ್ರಶಸ್ತಿಯನ್ನು 1988ರಲ್ಲಿ ಮೊದಲು ಪಡೆದವರು ಇದೇ ಹಿಂಟನ್. ಅಲ್ಲಿ ಆ ಗಾಡಿ ಒಂದು ಪರಂಪರೆಯಾಯಿತು. ಇಲ್ಲಿ ಗಳಗನಾಥರ ಗಂಟು ಭಾಷಣದ ವಸ್ತುವಾಗಿ ಉಳಿಯಿತು.

ನನ್ನ ಸಂಕಟ ಇಲ್ಲಿದೆ. ಕನ್ನಡದಲ್ಲಿ ಈ ವಯಸ್ಸಿನವರಿಗೆ ಬರೆಯುವವರಿಲ್ಲವೇ? ಇದ್ದಾರೆ. ಸಾಗರದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. 2021ರಲ್ಲಿ ಬಸು ಬೇವಿನಗಿಡದ, 2022ರಲ್ಲಿ ತಮ್ಮಣ್ಣ ಬೀಗಾರ, 2023ರಲ್ಲಿ ವಿಜಯಶ್ರೀ ಹಾಲಾಡಿ, ಹೀಗೆ ಸತತ ಮೂರು ವರ್ಷ ಕನ್ನಡದ ಆ ಪುರಸ್ಕಾರ ಕಾದಂಬರಿಗಳಿಗೇ ಸಂದಿತು. ಇವರಲ್ಲಿ ಎಷ್ಟು ಹೆಸರು ನಿಮ್ಮ ಮಗಳ ಕಾಲೇಜಿಗೆ ತಲುಪಿದೆ? ನೀವೇ ಎಷ್ಟನ್ನು ಕೇಳಿದ್ದೀರಿ? ಡಿಸೋಜ ಅವರು ನಿಮ್ಮ ಜಿಲ್ಲೆಯವರೇ. 2025ರ ಜನವರಿಯಲ್ಲಿ ಅವರು ತೀರಿಕೊಂಡಾಗ ಎಲ್ಲರೂ ಶ್ರದ್ಧಾಂಜಲಿ ಬರೆದರು. ಅವರ ಮಕ್ಕಳ ಕಾದಂಬರಿಗಳನ್ನು ಅಂಗಡಿಯಲ್ಲಿ ಕೇಳಿದ ಮಗುವಿಗೆ ಪ್ರತಿ ಸಿಕ್ಕೀತೇ ಎಂದು ಯಾರೂ ಕೇಳಲಿಲ್ಲ.

ನಮ್ಮಲ್ಲಿ ಮಕ್ಕಳ ಪುಸ್ತಕ ಬಿಡುಗಡೆಯಾಗುವುದು ಭಾನುವಾರ ಬೆಳಿಗ್ಗೆ ಒಂದು ಸಭಾಂಗಣದಲ್ಲಿ. ವೇದಿಕೆಯ ತುಂಬ ಹಿರಿಯರು, ಮಕ್ಕಳು ಬಂದರೆ ಸ್ವಾಗತಗೀತೆಗೆ. ಆ ಪುಸ್ತಕ ಇಂಥ ದಿನ ಬರುತ್ತದೆಂದು ಹಿಂದಿನ ತಿಂಗಳು ಯಾವ ಮಗುವಿಗೂ ಗೊತ್ತಿರುವುದಿಲ್ಲ. ನಂತರ ಪ್ರಕಾಶಕರ ಕಣ್ಣು ಗ್ರಂಥಾಲಯಗಳ ಸಗಟು ಖರೀದಿಯ ಮೇಲೆ, ಹಣ ಬರುವುದು ವಿಳಂಬವಾಗಿ. ಶಾಲೆಗೆ ಸೇರಿದ ಪ್ರತಿ ಬೀರುವಿನೊಳಗೆ, ಬೀರುವಿನ ಕೀಲಿ ಆಫೀಸಿನೊಳಗೆ. ಪುಸ್ತಕ ಹರಿದರೆ ಲೆಕ್ಕ ಕೊಡಬೇಕೆಂಬ ಭಯ ಮೇಷ್ಟರಿಗೆ. ಮಕ್ಕಳು ಓದಿ ಓದಿ ಹರಿದ ಪುಸ್ತಕದ ಲೆಕ್ಕವನ್ನು ಸಂತೋಷದಿಂದ ತೆಗೆದುಕೊಳ್ಳುವ ಇಲಾಖೆ ನಮಗೆ ಎಂದು ಬಂದೀತು?

ಒಮ್ಮೆ ಒಂದು ಪ್ರೌಢಶಾಲೆಯಲ್ಲಿ ಮಕ್ಕಳಿಗೆ ತೇಜಸ್ವಿಯವರ ‘ಕರ್ವಾಲೋ’ ಕೊನೆಯ ಭಾಗವನ್ನು ಓದಿ ಹೇಳಿದೆ. 1980ರಲ್ಲಿ ಬಂದ ಆ ಕಾದಂಬರಿಯನ್ನು ತೇಜಸ್ವಿ ಮಕ್ಕಳಿಗೆಂದು ಬರೆಯಲಿಲ್ಲ, ಆದರೂ ಕನ್ನಡದ ಹದಿಹರೆಯ ಅದನ್ನು ತನ್ನದಾಗಿಸಿಕೊಂಡಿದೆ. ಹಾರುವ ಓತಿ ಕಣಿವೆಯ ಕಡೆಗೆ ತೇಲಿಹೋದ ಕೂಡಲೇ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸರ್, ಇದರ ಮುಂದಿನ ಭಾಗ ಯಾವಾಗ ಬರುತ್ತದೆ?” ಎಂದು ಕೇಳಿದ. ಪಕ್ಕದಲ್ಲಿದ್ದ ಅಧ್ಯಾಪಕರು, “ಪಾಠಕ್ಕೆ ಸಂಬಂಧವಿಲ್ಲದ್ದನ್ನು ಕೇಳಬೇಡ, ಕುಳಿತುಕೋ” ಎಂದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಒಬ್ಬ ಲೇಖಕನಿಗೆ ಸಿಗಬಹುದಾದ ಅತ್ಯುತ್ತಮ ಪ್ರಶ್ನೆ ಅದು. ಅದೇ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ ದ್ವಿತೀಯ ಪಿಯುಸಿಗೆ ಪಠ್ಯವಾದಾಗ ಎಷ್ಟು ತರಗತಿಗಳಲ್ಲಿ ಅದು ಸಂದರ್ಭದೊಡನೆ ವಿವರಿಸಿ, ನಾಲ್ಕು ಅಂಕಕ್ಕೆ ಉತ್ತರಿಸಿ ಎಂಬಲ್ಲಿಗೆ ಬಂದು ನಿಂತಿತೋ. ಕಥೆ ಕೇಳಿ ನಗಬೇಕಾದ ಮಕ್ಕಳು ಗೈಡ್ ಕೊಂಡರು.

ಹೀಗಿರುವಾಗ ನಿಮ್ಮ ಮಗಳು ಬಲಪುಟದಲ್ಲಿ ಕನ್ನಡದ ಹೆಸರನ್ನು ಎಲ್ಲಿಂದ ತಂದು ಬರೆಯಬೇಕು? ಬರೆಯದ ತಪ್ಪು ಅವಳದಲ್ಲ. ದಯವಿಟ್ಟು ಆ ನೋಟ್‌ಬುಕ್ಕನ್ನು ಕಸಿದುಕೊಳ್ಳಬೇಡಿ, ಅದರಲ್ಲಿ ಕನ್ನಡಕ್ಕೆ ಇಷ್ಟು ಪುಟ ಎಂಬ ಕಟ್ಟಳೆಯನ್ನೂ ಹಾಕಬೇಡಿ. ಅವಳ ಎಡಪುಟದಿಂದ ಒಂದು ಹೆಸರು ಆರಿಸಿ ಪುಸ್ತಕ ಕೇಳಿ ಪಡೆದು ಕೊನೆಯವರೆಗೆ ಓದಿ. ಓದಿದ ಮೇಲೆ ಹಿಡಿಸದಿದ್ದರೆ ಹಿಡಿಸಲಿಲ್ಲ ಎಂದೇ ಹೇಳಿ, ಅವಳು ವಾದಿಸುತ್ತಾಳೆ, ಆ ವಾದ ನಿಮ್ಮ ಮನೆಯಲ್ಲಿ ನಡೆಯಲಿ. ಆಮೇಲೆ ‘ಕರ್ವಾಲೋ’ ಕೊಡಿ, ನೀವು ಹದಿನಾರರಲ್ಲಿ ಅದನ್ನೋ ಬೇರೊಂದನ್ನೋ ಓದಿ ಏನಾಗಿದ್ದಿರಿ ಎಂದು ಹೇಳುತ್ತ ಕೊಡಿ.

ನಮ್ಮ ಪತ್ರಿಕೆಯ ಪಾಲಿನ ಕೆಲಸವನ್ನೂ ಹೇಳಿಬಿಡುತ್ತೇನೆ. ಮುಂದಿನ ಸಂಚಿಕೆಯಿಂದ ಎರಡು ಪುಟಗಳನ್ನು ಹದಿಮೂರರಿಂದ ಹದಿನೆಂಟರ ಓದುಗರಿಗೆ ಬಿಟ್ಟುಕೊಡುತ್ತಿದ್ದೇವೆ. ಮೆಚ್ಚಿದ ಕಾದಂಬರಿ ಯಾವ ಭಾಷೆಯದಾದರೂ ಇರಲಿ, ಯಾಕೆ ಮೆಚ್ಚಿದಿರಿ, ಯಾವುದಕ್ಕಾಗಿ ಕಾಯುತ್ತಿದ್ದೀರಿ ಎಂಬುದನ್ನು ಬರೆದು ಕಳುಹಿಸಲಿ. ಶಿವಮೊಗ್ಗದ ಗೆಳತಿಯರ ಪಟ್ಟಿಗೆ ಮೊದಲ ಜಾಗ ಕಾದಿರಿಸಿದ್ದೇನೆ, ಅವರು ಒಪ್ಪಿದರೆ ಮಾತ್ರ. ಅಪ್ಪ, ಅಮ್ಮ, ಅಧ್ಯಾಪಕರು ತಿದ್ದಿದ ಬರಹ ಬೇಡ. ಕನ್ನಡದ ಪ್ರಕಾಶಕರು ಈ ವಯಸ್ಸಿನವರಿಗಾಗಿ ತರುವ ಕಾದಂಬರಿಯ ಹೆಸರು, ಲೇಖಕರ ಹೆಸರು ಮತ್ತು ಅಂಗಡಿಗೆ ಬರುವ ದಿನವನ್ನು ಎರಡು ತಿಂಗಳು ಮೊದಲೇ ತಿಳಿಸಿದರೆ ಅದೇ ಪುಟಗಳಲ್ಲಿ ಶುಲ್ಕವಿಲ್ಲದೆ ಪ್ರಕಟಿಸುತ್ತೇವೆ. ಹೇಳಿದ ದಿನಕ್ಕೆ ಪುಸ್ತಕವನ್ನು ತರುವ ಹೊಣೆ ಅವರದು.

ಸಂಪಾದಕ