ಟಿಕೆಟ್ ಕ್ಯಾನ್ಸಲ್ ಆಯ್ತು, ಇನ್ಶೂರೆನ್ಸ್ ದುಡ್ಡು ಬರುತ್ತಾ?

ಪ್ರಶ್ನೆ: ನಾನು ಕಲಬುರಗಿಯಲ್ಲಿ ಶಾಲಾ ಶಿಕ್ಷಕಿ. ಜನವರಿಯಲ್ಲಿ ಕಾಶಿಗೆ ಹೋಗಲು ಹೈದರಾಬಾದಿನ ಶಂಷಾಬಾದ್‌ನಿಂದ ವಿಮಾನದ ಟಿಕೆಟ್ ಮಾಡಿಸಿದ್ದೆವು. ನಾನು, ಯಜಮಾನರು, ಇಬ್ಬರು ಮಕ್ಕಳು. ಚಿಂಚೋಳಿ ಕಡೆ ಇರುವ ನನ್ನ ತಮ್ಮ ಮತ್ತು ಅವನ ಹೆಂಡತಿಯದು ಬೇರೆ ಟಿಕೆಟ್. ಎಲ್ಲರೂ ಪ್ರಯಾಣ ರದ್ದಾದರೆ ಸಿಗುವ ವಿಮೆ ಮಾಡಿಸಿದ್ದೆವು. ಹೊರಡಲು ಐದು ದಿನ ಇದ್ದಾಗ ಮಾವನವರು ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಅವರು ನಮ್ಮ ಜೊತೆ ಬರುವವರಿರಲಿಲ್ಲ. ಅತ್ತ ತಮ್ಮನಿಗೆ ತೊಗರಿ ರಾಶಿ ಮಷಿನ್ ಅದೇ ವಾರ ಸಿಕ್ಕಿತು, ಅವನೂ ನಿಂತುಬಿಟ್ಟ. ನಮ್ಮ ಕ್ಲೇಮಿಗೆ ‘ಕಾಗದ ಸಾಲದು, ಮೊದಲೇ ಸಕ್ಕರೆ ಕಾಯಿಲೆ ಇತ್ತು’ ಎಂದು ಉತ್ತರ ಬಂದಿದೆ. ತಮ್ಮನದು ಪೂರ್ತಿ ತಿರಸ್ಕಾರ. ನಮಗೆ ದುಡ್ಡು ಬರುತ್ತಾ?

ಉತ್ತರ: ಮೇಡಂ, ನಿಮ್ಮದು ಕೈಬಿಡಬೇಡಿ. ನಿಮ್ಮ ತಮ್ಮನದು ಬರುವುದಿಲ್ಲ.

ತಮ್ಮನ ವಿಷಯ ಮೊದಲು ಮುಗಿಸೋಣ. ಈ ವಿಮೆ ‘ಹೋಗಲಿಕ್ಕೆ ಆಗಲಿಲ್ಲ’ ಅನ್ನುವುದಕ್ಕೆ ದುಡ್ಡು ಕೊಡುವುದಿಲ್ಲ. ಯಾಕೆ ಆಗಲಿಲ್ಲ ಅನ್ನುವುದಕ್ಕೆ ಕೊಡುತ್ತದೆ. ಆ ಕಾರಣ ಪಾಲಿಸಿಯಲ್ಲಿ ಬರೆದಿರುವ ಪಟ್ಟಿಯಲ್ಲಿ ಇರಬೇಕು. ಸಾವು, ಆಸ್ಪತ್ರೆಗೆ ಸೇರುವಂಥ ಕಾಯಿಲೆ ಅಥವಾ ಗಾಯ, ಮನೆಗೆ ಬೆಂಕಿ, ಪ್ರವಾಹದಂಥ ಅನಾಹುತ, ಹೆಚ್ಚಾಗಿ ಇಷ್ಟೇ. ರಜೆ ಸಿಗಲಿಲ್ಲ, ಪರೀಕ್ಷೆ ಬಂತು, ಮನಸ್ಸು ಬದಲಾಯಿತು, ಇವು ಸಾಮಾನ್ಯವಾಗಿ ಪಟ್ಟಿಯಲ್ಲಿ ಇರುವುದಿಲ್ಲ. ರಾಶಿಯೂ ಹಾಗೇ. ಮಷಿನ್ ಬಂದಾಗ ಬಿಟ್ಟರೆ ಕಾಳು ಹೊಲದಲ್ಲೇ ಉದುರುತ್ತದೆ, ಅದು ನಮಗೆ ಗೊತ್ತು. ಆದರೆ ಪಾಲಿಸಿ ಬರೆದವರ ಪಟ್ಟಿಯಲ್ಲಿ ತೊಗರಿ ಇಲ್ಲ. ‘ಜ್ವರ ಅಂತ ಒಂದು ಸರ್ಟಿಫಿಕೇಟ್ ಮಾಡಿಸು’ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಸುಳ್ಳು ಕಾಗದ ಕೊಡುವುದು ವಂಚನೆ. ಸಿಕ್ಕಿಬಿದ್ದರೆ ಹೋಗುವುದು ಟಿಕೆಟ್ ದುಡ್ಡು ಮಾತ್ರ ಅಲ್ಲ. ತಮ್ಮ ವಿಮಾನ ಕಂಪನಿಯಿಂದ ತೆರಿಗೆ ವಾಪಸ್ ಕೇಳಲಿ. ಅದರ ಬಗ್ಗೆ ಕೆಳಗೆ ಹೇಳಿದ್ದೇನೆ.

ಈಗ ನಿಮ್ಮದು. ಮಾವನವರು ಜೊತೆಗೆ ಬರುವವರಲ್ಲ ಅನ್ನುವುದು ಅಡ್ಡಿ ಅಲ್ಲ. ಮನೆಯವರು ಆಸ್ಪತ್ರೆ ಸೇರಿದರೂ ಅನೇಕ ಪಾಲಿಸಿಗಳು ಕೊಡುತ್ತವೆ. ನೋಡಬೇಕಾದ್ದು ‘ಹತ್ತಿರದ ಕುಟುಂಬ’ ಅಂದರೆ ಯಾರು ಎಂದು ಅವರು ಬರೆದಿರುವ ಸಾಲು. ನಿಮ್ಮ ಯಜಮಾನರಿಗೆ ಅವರು ತಂದೆ, ಅಲ್ಲಿ ತಕರಾರಿಲ್ಲ. ನಿಮಗೆ ಮಾವ. ಕೆಲವು ಪಾಲಿಸಿಗಳಲ್ಲಿ ಅತ್ತೆ–ಮಾವ ಸೇರಿರುತ್ತಾರೆ, ಕೆಲವದರಲ್ಲಿ ಇಲ್ಲ. ಮಕ್ಕಳಿಗೆ ಅಜ್ಜ, ಆ ಮಾತೇ ಇಲ್ಲದ ಪಾಲಿಸಿಗಳೂ ಇವೆ. ಹಾಗಿದ್ದರೆ ‘ಸಹ ಪ್ರಯಾಣಿಕ’ ಎಂಬ ಷರತ್ತು ಹುಡುಕಿ. ಒಂದೇ ಟಿಕೆಟ್‌ನಲ್ಲಿ ಇರುವ ತಂದೆ ನಿಂತಾಗ ಮಕ್ಕಳ ಕ್ಲೇಮಿಗೆ ಆ ಷರತ್ತು ಆಸರೆ ಆಗಬಹುದು.

ಸಕ್ಕರೆ ಕಾಯಿಲೆಯ ಮಾತು ನನಗೆ ಸರಿ ಕಾಣುವುದಿಲ್ಲ. ಮೊದಲೇ ಇದ್ದ ಕಾಯಿಲೆ ಕೆರಳಿ ಪ್ರಯಾಣ ನಿಂತರೆ ಸಾಮಾನ್ಯವಾಗಿ ದುಡ್ಡು ಇಲ್ಲ, ಅದು ನಿಜ. ಸಕ್ಕರೆ ಏರಿ ಅಡ್ಮಿಟ್ ಆಗಿದ್ದರೆ ಬೇರೆ ಮಾತು. ಇಲ್ಲಿ ಆದದ್ದು ಒದ್ದೆ ನೆಲದ ಮೇಲೆ ಜಾರಿ ಬಿದ್ದದ್ದು. ಎರಡಕ್ಕೂ ಏನು ಸಂಬಂಧ? ಯಾವ ಷರತ್ತಿನ ಪ್ರಕಾರ ಬೇಡ ಅಂತೀರಿ, ಅದರ ನಂಬರ್ ಬರೆದು ಕೊಡಿ ಎಂದು ಕೇಳಿ. ಫೋನಿನಲ್ಲಿ ಬೇಡ, ಇಮೇಲ್‌ನಲ್ಲೇ ಕೇಳಿ.

ಕಾಗದದ ಮಾತು ಮಾತ್ರ ಅವರದು ಸರಿ ಇರಬಹುದು. ನೀವು ಕಳಿಸಿದ ಡಿಸ್ಚಾರ್ಜ್ ಕಾರ್ಡ್ ನೋಡಿದೆ. ಬಿದ್ದ ತಾರೀಖು ಅದರಲ್ಲಿ ಇಲ್ಲ. ‘ಸೊಂಟದ ಮೂಳೆ ಮುರಿತ, ಮಧುಮೇಹ’ ಎಂದು ಎರಡೂ ಒಂದೇ ಸಾಲಿನಲ್ಲಿ ಇವೆ. ಕೊನೆಗೆ ‘ವಿಶ್ರಾಂತಿ ಬೇಕು’ ಅಷ್ಟೇ. ಓದುವವರಿಗೆ ಅಪಘಾತ ಯಾವುದು, ಹಳೆ ಕಾಯಿಲೆ ಯಾವುದು, ಮಗ ಯಾಕೆ ಊರಲ್ಲೇ ಇರಬೇಕಾಯಿತು, ಒಂದೂ ತಿಳಿಯುವುದಿಲ್ಲ. ಮತ್ತೆ ಆ ಡಾಕ್ಟರ ಹತ್ತಿರ ಹೋಗಿ. ಲೆಟರ್‌ಹೆಡ್ ಮೇಲೆ ನಾಲ್ಕು ಸಾಲು ಬರೆಸಿ: ಯಾವ ದಿನ ಬಿದ್ದರು, ಯಾವತ್ತು ಆಪರೇಷನ್ ಆಯಿತು, ಬಿದ್ದದ್ದಕ್ಕೂ ಸಕ್ಕರೆಗೂ ಸಂಬಂಧ ಇದೆಯೋ ಇಲ್ಲವೋ, ಆ ದಿನಗಳಲ್ಲಿ ಮಗ ಜೊತೆಗಿರುವುದು ಯಾಕೆ ಬೇಕಿತ್ತು. ಅವರು ಕಂಡದ್ದನ್ನೇ ಬರೆಯಲಿ, ಅಷ್ಟು ಸಾಕು. ಜೊತೆಗೆ ಎಕ್ಸ್‌ರೇ ರಿಪೋರ್ಟ್, ಬಿಲ್ಲು, ತಂದೆ–ಮಗ ಎಂದು ತೋರಿಸುವ ಒಂದು ದಾಖಲೆ, ಟಿಕೆಟ್ ಕ್ಯಾನ್ಸಲ್ ಆದ ರಸೀದಿ ಇಡಿ.

ಇನ್ನೊಂದು ಮಾತು. ವಿಮೆಯವರು ಟಿಕೆಟ್‌ನ ಪೂರ್ತಿ ಬೆಲೆ ಕೊಡುವುದಿಲ್ಲ. ಬೇರೆಲ್ಲೂ ವಾಪಸ್ ಸಿಗದ ದುಡ್ಡನ್ನು ಮಾತ್ರ ಕೊಡುತ್ತಾರೆ, ಅದೂ ಪಾಲಿಸಿಯ ಮಿತಿಯೊಳಗೆ. ಆದ್ದರಿಂದ ಮೊದಲು ವಿಮಾನ ಕಂಪನಿ. ರಿಫಂಡ್ ಇಲ್ಲ ಎಂದು ಬರೆದ ಟಿಕೆಟ್ ಆದರೂ ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕದಂಥ ಬಾಬ್ತುಗಳನ್ನು ಕ್ಯಾನ್ಸಲ್ ಮಾಡಿದವರಿಗೆ ವಾಪಸ್ ಕೊಡಬೇಕು, ಇದು ವಿಮಾನಯಾನವನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮ. ಕ್ಯಾನ್ಸಲ್ ಶುಲ್ಕವೂ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿದ್ದಕ್ಕಿಂತ ಜಾಸ್ತಿ ಇರುವಂತಿಲ್ಲ. ಹೀಗೆ ವಾಪಸ್ ಬಂದದ್ದನ್ನು ಕಳೆದು ಉಳಿದದ್ದು ನಿಮ್ಮ ಕ್ಲೇಮ್. ವಿಮಾನವನ್ನು ಕಂಪನಿಯೇ ರದ್ದು ಮಾಡಿದರೆ ರಿಫಂಡ್ ಅವರದೇ ಜವಾಬ್ದಾರಿ, ಅಲ್ಲಿ ವಿಮೆಯ ಬಾಗಿಲು ಬಡಿಯಬೇಕಿಲ್ಲ.

ನೀವು ‘ಮಾವ ಹುಷಾರಾಗಬಹುದು’ ಎಂದು ಎರಡು ದಿನ ಕಾದು ಕ್ಯಾನ್ಸಲ್ ಮಾಡಿದಿರಿ. ಮನೆಯಲ್ಲಿ ಹಾಗೆ ಕಾಯುವುದು ಸಹಜ. ಆದರೆ ಆ ಎರಡು ದಿನಕ್ಕೆ ಶುಲ್ಕ ಏರಿದ್ದರೆ, ಏರಿದಷ್ಟನ್ನು ವಿಮೆಯವರು ಕಡಿತ ಮಾಡಬಹುದು.

ಮತ್ತೆ ತಿರಸ್ಕರಿಸಿದರೆ ವಿಮಾ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ಒಂದು ವರ್ಷದೊಳಗೆ, ವಿಮೆಯ ದೂರುಗಳನ್ನು ಬಗೆಹರಿಸುವ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಫೀಸಿಲ್ಲ, ವಕೀಲರು ಬೇಕಿಲ್ಲ. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ, ಆದರೆ ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು. ರಾತ್ರಿ ಬಸ್ ಹತ್ತುವ ಕೆಲಸ ಇಲ್ಲ.

ಪ್ರಶ್ನೆ: ಮಗನನ್ನು ನೋಡಲು ದುಬೈಗೆ ಹೋಗಬೇಕು. ವೀಸಾ ಬರದಿದ್ದರೆ ವಿಮೆ ಟಿಕೆಟ್ ದುಡ್ಡು ಕೊಡುತ್ತಾ? ಆ್ಯಪಿನಲ್ಲಿ ‘ಫ್ರೀ ಕ್ಯಾನ್ಸಲೇಷನ್’ ಎಂದು ಬೇರೆ ಇದೆ. — ಬೀದರ್‌ನಿಂದ ಒಬ್ಬರು

ಉತ್ತರ: ವೀಸಾ ತಿರಸ್ಕಾರಕ್ಕೆ ಬಹುತೇಕ ಪಾಲಿಸಿಗಳು ಕೊಡುವುದಿಲ್ಲ. ಕೆಲವರು ಅದಕ್ಕೆಂದೇ ಬೇರೆ ಕವರ್ ಇಟ್ಟಿದ್ದಾರೆ, ಹೆಸರು ಹಿಡಿದು ಕೇಳಿ. ಆಗುವುದಾದರೆ ವೀಸಾ ಕೈಗೆ ಬಂದ ಮೇಲೇ ಟಿಕೆಟ್ ಮಾಡಿಸಿ. ಆ್ಯಪಿನ ‘ಫ್ರೀ ಕ್ಯಾನ್ಸಲೇಷನ್’ ಸಾಮಾನ್ಯವಾಗಿ ಬುಕ್ಕಿಂಗ್ ಮಾಡಿಕೊಡುವವರ ಸೌಲಭ್ಯ, ವಿಮೆಯೇ ಬೇರೆ. ಅಲ್ಲಿ ಕಾರಣ ಕೇಳುವುದಿಲ್ಲ, ಆದರೆ ಹೊರಡುವ ಇಷ್ಟು ಗಂಟೆ ಮುಂಚೆ ಅಂತ ಗಡುವು ಇರುತ್ತದೆ. ಗಡುವು ದಾಟಿದರೆ ಅದರಿಂದ ಏನೂ ಬರುವುದಿಲ್ಲ. ನಿಮ್ಮಂಥವರಿಗೆ ಅದೇ ಹೆಚ್ಚು ಉಪಯೋಗ ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ರೈಲು ಟಿಕೆಟ್ ಮಾಡುವಾಗ 45 ಪೈಸೆ ವಿಮೆ ತಗೊಂಡಿದ್ದೆ. ಟಿಕೆಟ್ ಕ್ಯಾನ್ಸಲ್ ಮಾಡಿದೆ, ಒಂದು ರೂಪಾಯಿಯೂ ಬರಲಿಲ್ಲ. — ಯಾದಗಿರಿಯ ವಿದ್ಯಾರ್ಥಿ

ಉತ್ತರ: ಅದು ರದ್ದತಿ ವಿಮೆ ಅಲ್ಲಪ್ಪಾ, ಅಪಘಾತ ವಿಮೆ. ರೈಲು ಅಪಘಾತದಲ್ಲಿ ಜೀವ ಹೋದರೆ 10 ಲಕ್ಷ, ಆಸ್ಪತ್ರೆ ಖರ್ಚಿಗೆ 2 ಲಕ್ಷದವರೆಗೆ ಸಿಗುತ್ತದೆ. ಕ್ಯಾನ್ಸಲ್ ಮಾಡಿದರೆ ರೈಲ್ವೆ ನಿಯಮದ ರಿಫಂಡ್ ಮಾತ್ರ. ಆದರೂ ಆ 45 ಪೈಸೆ ಉಳಿಸಲು ಹೋಗಬೇಡ. ಟಿಕೆಟ್ ಆದಮೇಲೆ ವಿಮಾ ಕಂಪನಿಯಿಂದ ಒಂದು ಲಿಂಕ್ ಬರುತ್ತದೆ. ಸುಮ್ನೆ ಡಿಲೀಟ್ ಮಾಡದೆ, ಅದರಲ್ಲಿ ನಾಮಿನಿ ಅಂತ ಅಪ್ಪ ಅಥವಾ ಅವ್ವನ ಹೆಸರು ತುಂಬು.